ಸುತ್ತು ಚಿಕ್ಕದಾದರೆ ಸಾಕೇ?

ದಾಳ ಉರುಳಿಸಿ ಆಡುವ ರೋಲ್-ಪ್ಲೇಯಿಂಗ್ (ಪಾತ್ರ ವಹಿಸುವ) ಆಟಗಳಲ್ಲಿ ಕಾಳಗದ ಸುತ್ತಿನ ಬಗ್ಗೆ, ಅಂದರೆ ಎಲ್ಲರೂ ಒಂದೊಂದು ಸರದಿ ಆಡಿ ಮುಗಿಸುವ ಅವಧಿಯ ಬಗ್ಗೆ, ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ‘ಸುತ್ತಿನ ಅವಧಿ ಚಿಕ್ಕದಾದಷ್ಟೂ ಕಾಳಗ ನಿಜ ಅನ್ನಿಸುತ್ತದೆ’ ಅನ್ನುವ ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ.

ಹಳೆಯ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಅದನ್ನು ಬರೆದ ಗ್ಯಾರಿ ಗೈಗ್ಯಾಕ್ಸ್ ಒಂದು ಸುತ್ತಿಗೆ ಒಂದು ನಿಮಿಷ ಇಟ್ಟಿದ್ದರು. ದಾಳ ಒಂದೇ ಸಲ ಉರುಳಿದರೂ ಆ ನಿಮಿಷದಲ್ಲಿ ಹುಸಿ ಏಟು, ತಡೆಯುವುದು, ಹಿಂದೆ ಸರಿಯುವುದು ಎಲ್ಲ ನಡೆದಿರುತ್ತದೆ. ಕತ್ತಿ ಕಾಳಗಕ್ಕೆ ಇದು ಚೆನ್ನಾಗಿಯೇ ಹೊಂದುತ್ತದೆ. ತೊಂದರೆ ಬರುವುದು ಬಿಲ್ಲಿನ ಹತ್ತಿರ. ಏಟುಗಳನ್ನು ಯಾರೂ ಲೆಕ್ಕ ಇಡುವುದಿಲ್ಲ, ಬಾಣಗಳನ್ನು ಎಲ್ಲರೂ ಇಡುತ್ತಾರೆ. ನಿಮಿಷಕ್ಕೆ ಎರಡೇ ಬಾಣ ಅಂದರೆ ಪಳಗಿದ ಬಿಲ್ಲುಗಾರನಿಗೆ ತೀರಾ ಕಡಿಮೆ ಅಲ್ವಾ?

2000ದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೇ ಆವೃತ್ತಿ ಸುತ್ತನ್ನು 6 ಸೆಕೆಂಡಿಗೆ ಇಳಿಸಿತು. ಬಿಲ್ಲಿನ ಲೆಕ್ಕ ಸರಿಹೋಯಿತು. ಆದರೆ ಐದನೇ ಆವೃತ್ತಿಯಲ್ಲಿ ಭಾರಿ ಅಡ್ಡಬಿಲ್ಲನ್ನೂ (ಕ್ರಾಸ್‌ಬೋ) ಪ್ರತಿ 6 ಸೆಕೆಂಡಿಗೊಮ್ಮೆ ಹೊಡೆಯಬಹುದು! ರಾಟೆಯನ್ನು ಸಿಕ್ಕಿಸಿ, ಹಿಡಿ ತಿರುಗಿಸಿ, ಹುರಿ ಎಳೆದು, ರಾಟೆ ಬಿಚ್ಚಿ, ಬಾಣ ಇಟ್ಟು ಗುರಿ ಹಿಡಿಯುವ ಕೆಲಸ ಅದು. ಆರು ಸೆಕೆಂಡಿನಲ್ಲಿ ಆಗುವ ಮಾತೇ ಅಲ್ಲ.

ಗರ್ಪ್ಸ್ ಅನ್ನುವ ಇನ್ನೊಂದು ಆಟದಲ್ಲಿ ಒಂದು ಸರದಿ ಅಂದರೆ ಒಂದೇ ಸೆಕೆಂಡ್. ಬಾಣ ತೆಗೆಯುವುದಕ್ಕೂ ಸಮಯ ಹೋಗುತ್ತದೆ, ಅದು ನನಗೆ ತುಂಬಾ ಇಷ್ಟ. ಆದರೆ ಅಲ್ಲಿ ಎಲ್ಲರೂ ಪ್ರತಿ ಸೆಕೆಂಡೂ ಬೀಸುತ್ತಲೇ ಇರುತ್ತಾರೆ. ನಿಜವಾಗಿ ಇಬ್ಬರು ಎದುರಾದಾಗ ಜಾಸ್ತಿ ಹೊತ್ತು ಹೋಗುವುದು ದೂರ ಅಳೆಯುವುದರಲ್ಲಿ, ಉಸಿರು ಸುಧಾರಿಸಿಕೊಳ್ಳುವುದರಲ್ಲಿ. ಈ ಬಿಡುವಿನ ಬಗ್ಗೆ ನೀವು ಏನೂ ಹೇಳಿಲ್ಲ. ಮುಂದಿನ ಭಾಗದಲ್ಲಿ ದಯವಿಟ್ಟು ಅದನ್ನೂ ಬರೆಯಿರಿ.