ಸೇತುವೆ ಕಟ್ಟಿದವರ ಪಕ್ಷ ಯಾವುದಾದರೇನು?

ಇಲ್ಲಿ ಅಮೆರಿಕದಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಕಟ್ಟಾ ರಿಪಬ್ಲಿಕನ್. ಚುನಾವಣೆ ಬಂತೆಂದರೆ ಅವರ ಅಂಗಳದ ತುಂಬ ಟ್ರಂಪ್ ಫಲಕಗಳು. ಅಂಥವರು ಮೊನ್ನೆ ಪೆನ್ಸಿಲ್ವೇನಿಯಾದ ಡೆಮಾಕ್ರಟಿಕ್ ಗವರ್ನರ್ ಜಾಶ್ ಶಪಿರೊ ಅವರನ್ನು ಮನಸಾರೆ ಹೊಗಳಿದರು. ಕಾರಣ, ಒಂದು ಸೇತುವೆ.

2023ರ ಜೂನ್ 11ರಂದು ಫಿಲಡೆಲ್ಫಿಯಾದಲ್ಲಿ ಪೆಟ್ರೋಲ್ ಟ್ಯಾಂಕರ್‌ಗೆ ಬೆಂಕಿ ಹತ್ತಿ ಐ-95 ಹೆದ್ದಾರಿಯ ಸೇತುವೆ ಕುಸಿಯಿತು. ದಿನಕ್ಕೆ ಸುಮಾರು 1.6 ಲಕ್ಷ ವಾಹನಗಳ ದಾರಿ. ದುರಸ್ತಿಗೆ ತಿಂಗಳುಗಟ್ಟಲೆ ಬೇಕೆಂದೇ ಎಲ್ಲರೂ ಅಂದುಕೊಂಡಿದ್ದೆವು. ಶಪಿರೊ ತುರ್ತುಸ್ಥಿತಿ ಘೋಷಿಸಿ ಟೆಂಡರ್ ವಿಳಂಬ ತಪ್ಪಿಸಿದರು. ಹಳೆಯ ಗಾಜಿನಿಂದ ತಯಾರಾದ ಹಗುರ ಜಲ್ಲಿ ತುಂಬಿ ಕೆಲಸಗಾರರು ಹಗಲುರಾತ್ರಿ ದುಡಿದರು. ಅದನ್ನು ಯಾರು ಬೇಕಾದರೂ ನೇರಪ್ರಸಾರದಲ್ಲಿ ನೋಡಬಹುದಿತ್ತು. ಜೂನ್ 23ಕ್ಕೆ ತಾತ್ಕಾಲಿಕ ರಸ್ತೆಯ ಮೇಲೆ ವಾಹನಗಳು ಓಡಿದವು. ಮರುವರ್ಷ ಇದೇ ರಾಜ್ಯ ಟ್ರಂಪ್ ಅವರನ್ನು ಗೆಲ್ಲಿಸಿತು. ಶಪಿರೊ ಬಗೆಗಿನ ಮೆಚ್ಚುಗೆ ಹಾಗೆಯೇ ಉಳಿಯಿತು.

ಇಲ್ಲಿ ಗವರ್ನರ್ ಅವರನ್ನು ಜನರೇ ಆರಿಸುತ್ತಾರೆ. ಕರ್ನಾಟಕದಲ್ಲಿ ನಮ್ಮ ರಾಜ್ಯಪಾಲರನ್ನು ಜನ ಆರಿಸುವುದಿಲ್ಲವಾದ್ದರಿಂದ ಹೋಲಿಸಬೇಕಾದದ್ದು ಮುಖ್ಯಮಂತ್ರಿಯೊಂದಿಗೆ. ಊರಿಗೆ ಫೋನ್ ಮಾಡಿ ಸೋದರಮಾವನನ್ನು ಕೇಳುತ್ತೇನೆ: "ಮುಖ್ಯಮಂತ್ರಿ ಹೇಗೆ, ಮಾವ?" "ನಮ್ಮವರಲ್ಲವಲ್ಲ ಕಣಪ್ಪ" ಎಂಬ ಉತ್ತರ ಬರುತ್ತದೆ. ಅವರ ಬೀದಿಯ ತುದಿಯಲ್ಲಿ ಮೇಲ್ಸೇತುವೆಯ ಕಂಬಗಳು ಬೋಳಾಗಿ ನಿಂತು ಎಷ್ಟು ಕಾಲವಾಯಿತೋ. "ಅದು ಇದ್ದದ್ದೇ" ಎನ್ನುತ್ತಾರೆ. ಆ ಮಾತು ನನ್ನನ್ನು ಕೆರಳಿಸುತ್ತದೆ. ಕಂಬ ನಿಲ್ಲಿಸಿದವರು ಹೋದರು, ಮುಂದಿನವರು ಬಂದರು. ಕಂಬದ ಲೆಕ್ಕವನ್ನು ಮಾತ್ರ ಯಾರಿಂದಲೂ ಕೇಳಲಿಲ್ಲ. 1985ರ ನಂತರ ಆಳುವ ಪಕ್ಷಕ್ಕೆ ನಾವು ಮತ್ತೆ ಬಹುಮತ ಕೊಟ್ಟಿಲ್ಲ. ಆದರೆ ಯಾವ ತಪ್ಪಿಗೆ ಇಳಿಸಿದೆವು ಎಂದು ಇಳಿದವರಿಗೂ ತಿಳಿಯುವುದಿಲ್ಲ, ಏರಿದವರಿಗೂ ತಿಳಿಯುವುದಿಲ್ಲ.

ಇಲ್ಲಿನ ಮೆಚ್ಚುಗೆಯೂ ಶಾಶ್ವತವಲ್ಲ, ನಿಜ. ಪಕ್ಕದ ನ್ಯೂಜೆರ್ಸಿಯಲ್ಲಿ 2012ರ ಸ್ಯಾಂಡಿ ಚಂಡಮಾರುತದ ಹೊತ್ತಿಗೆ ಓಡಾಡಿದ ಅಲ್ಲಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಅವರನ್ನು ಶೇ 70ಕ್ಕೂ ಹೆಚ್ಚು ಜನ ಮೆಚ್ಚಿದ್ದರು; 2017ರ ಸಮೀಕ್ಷೆಯೊಂದರಲ್ಲಿ ಅದು ಶೇ 15ಕ್ಕೆ ಬಿದ್ದಿತ್ತು. ಶಾಸಕರು ಮುನಿಸಿಕೊಂಡರೆಂದು ಇಲ್ಲಿನ ಗವರ್ನರ್ ಕುರ್ಚಿ ಅಲುಗುವುದೂ ಇಲ್ಲ. ನಮ್ಮ ಮುಖ್ಯಮಂತ್ರಿಗಳ ಅರ್ಧ ಆಯುಷ್ಯ ಅತೃಪ್ತರನ್ನು ಒಲಿಸುವುದರಲ್ಲೇ ಕಳೆಯುತ್ತದೆ.

ಇನ್ನೊಂದನ್ನೂ ಒಪ್ಪಲೇಬೇಕು. 1984ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 24 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಆಗ ಜನತಾ ಪಕ್ಷದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. ಕೆಲವೇ ತಿಂಗಳಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಮಾವ ಎರಡೂ ಸಲ ಮತ ಹಾಕಿದವರು. ಆಗ ಏನನ್ನು ನೋಡಿ ಹಾಕಿದಿರಿ, ಈಗೇಕೆ ಅದನ್ನು ನೋಡುವುದಿಲ್ಲ ಎಂದು ಈ ಭಾನುವಾರ ಅವರನ್ನು ಕೇಳುವವನಿದ್ದೇನೆ.