ಬಡ್ಡಿಗೆ ನಾಮಕರಣ, ಸಾಲಗಾರನಿಗೆ ಪಂಗನಾಮ

ನಮ್ಮಲ್ಲಿ ಮಗುವಿಗೆ ಹೆಸರಿಡುವುದು ಒಂದೇ ಸಲ. ಹೆಚ್ಚೆಂದರೆ ಅಜ್ಜಿಯ ಒತ್ತಾಯಕ್ಕೆ ತೊಟ್ಟಿಲಲ್ಲಿ ಒಂದು ಹೆಸರು, ಶಾಲೆಯ ದಾಖಲೆಗೆ ಇನ್ನೊಂದು. ಅಮೆರಿಕದ ಒಹಾಯೊ ರಾಜ್ಯದಲ್ಲಿ ಬಡ್ಡಿ ಎಂಬ ಕೂಸಿಗೆ ಹತ್ತು ವರ್ಷಗಳಲ್ಲಿ ಎಷ್ಟು ಸಲ ನಾಮಕರಣವಾಯಿತೆಂದರೆ, ಹೆತ್ತವರನ್ನು ಬಿಟ್ಟರೆ ಬೇರೆ ಯಾರಿಗೂ, ಅದರಲ್ಲೂ ಕಾನೂನಿಗೆ, ಅದರ ಗುರುತೇ ಸಿಗದಂತಾಯಿತು.

ಪೇಡೇ ಸಾಲವೆಂದರೆ ಸಂಬಳದ ದಿನ ತೀರಿಸುವ ಮಾತಿನ ಮೇಲೆ ಎರಡು ವಾರಕ್ಕೆ ಪಡೆಯುವ ಕೈಸಾಲ. ಸಾಲಗಾರ ಮುಂದಿನ ತಾರೀಖಿನ ಚೆಕ್ ಬರೆದುಕೊಟ್ಟು ನೂರಿನ್ನೂರು ಡಾಲರ್ ಎಣಿಸಿಕೊಂಡು ಹೋಗುತ್ತಾನೆ. ನೂರು ಡಾಲರಿಗೆ ಹದಿನೈದು ಡಾಲರ್ ಹೆಚ್ಚಿಗೆ ಕೊಟ್ಟರಾಯಿತು ಎಂದಾಗ ಯಾರಿಗೂ ಎದೆ ನಡುಗುವುದಿಲ್ಲ. ಎರಡು ವಾರದ ಆ ಹದಿನೈದನ್ನು ವರ್ಷದ ಲೆಕ್ಕಕ್ಕೆ ತಂದರೆ ಶೇ. 391 ಆಗುತ್ತದೆ ಎಂಬುದು ಗುಣಾಕಾರ ಬಲ್ಲವರಿಗಷ್ಟೇ ಹೊಳೆಯುವ ಸಂಗತಿ.

ಒಹಾಯೊ ಶಾಸನಸಭೆಗೆ 2008ರಲ್ಲಿ ಅದು ಹೊಳೆಯಿತು. ಅಲ್ಪಾವಧಿ ಸಾಲ ಕಾಯ್ದೆ ಬಂದು, ವಾರ್ಷಿಕ ಬಡ್ಡಿ ಶೇ. 28 ದಾಟಕೂಡದು, ಸಾಲ 500 ಡಾಲರ್ ಮೀರಕೂಡದು, ತೀರಿಸಲು ಕನಿಷ್ಠ 31 ದಿನ ಕೊಡಬೇಕು ಎಂದು ವಿಧಿಸಿತು. ಸಾಲದಂಗಡಿಗಳವರು ನೇರವಾಗಿ ಜನರ ಬಳಿಗೇ ಹೋಗಿ, ಈ ಕಾಯ್ದೆಯ ಮುಖ್ಯ ಭಾಗವನ್ನು ಕಿತ್ತುಹಾಕಿ ಎಂದು ಜನಮತ ಕೇಳಿದರು. ಆ ನವೆಂಬರಿನಲ್ಲಿ ಮತ ಹಾಕಿದವರಲ್ಲಿ ಸುಮಾರು ಶೇ. 64 ಮಂದಿ ಕಾಯ್ದೆ ಇರಲಿ ಎಂದರು. ಶಾಸಕರೂ ರಾಜ್ಯಪಾಲರೂ ಮತದಾರರೂ ಒಂದೇ ಮಾತು ಹೇಳಿದ ಮೇಲೆ ಸಾಲದಂಗಡಿಗಳವರು ಅದಕ್ಕೆ ತಲೆಬಾಗಿ, ಆ ಕಾಯ್ದೆಯ ತಂಟೆಗೇ ಹೋಗಲಿಲ್ಲ. ಒಬ್ಬನೇ ಒಬ್ಬನೂ ಅದರಡಿ ಸಾಲ ಕೊಡಲಿಲ್ಲ. ಅಂಗಡಿಗಳು ಮಾತ್ರ ಅದೇ ಬೀದಿಯಲ್ಲಿ, ಅದೇ ಬಲ್ಬುಗಳ ಬೆಳಕಿನಲ್ಲಿ, ಅದೇ ಗಿರಾಕಿಗಳಿಗೆ ತೆರೆದೇ ಇದ್ದವು.

ಚಾಪೆಯ ಕೆಳಗೆ ತೂರುವವನನ್ನು ಹಿಡಿಯಲು ಹೋದರೆ ರಂಗೋಲಿಯ ಕೆಳಗೆ ತೂರಿದನಂತೆ. ಒಹಾಯೊದ ರಂಗೋಲಿಯ ಹೆಸರು ಅಡಮಾನ ಸಾಲ ಕಾಯ್ದೆ. ಮನೆಯ ಮೇಲೆ ಸಾಲ ಕೊಡುವವರ ಕಾಲದಿಂದ ಅದು ಕಪಾಟಿನಲ್ಲಿತ್ತು. ಹಾಗೆಂದು ಅದರಡಿ ಸಾಲ ಕೊಡಲು ಅಡಮಾನ ಇರಲೇಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಸಾಲದಂಗಡಿಗಳು ಪರವಾನಗಿ ಬದಲಿಸಿಕೊಂಡವು; ಬಾಡಿಗೆ ಮನೆಯ ಬಾಡಿಗೆ ಕಟ್ಟಲಾಗದೆ ಬಂದವನೂ ಕಾಗದದ ಮೇಲೆ ಅಡಮಾನ ಸಾಲದ ಗಿರಾಕಿಯಾದ.

ಹಾಗೆ ಸಾಲ ಪಡೆದ ಒಬ್ಬನ ಚೀಟಿ ಮುಂದೆ ರಾಜ್ಯದ ಸುಪ್ರೀಂ ಕೋರ್ಟ್ ತನಕ ಹೋಗಿದ್ದರಿಂದ ಅದರ ವಿವರ ನಮಗೂ ಸಿಗುತ್ತದೆ. ಸಾಲ 500 ಡಾಲರ್, ವಾಯಿದೆ ಎರಡು ವಾರ. ಬಡ್ಡಿ 5 ಡಾಲರ್ 16 ಸೆಂಟ್. ಶೇ. 28ರ ಲೆಕ್ಕದಲ್ಲಿ 5 ಡಾಲರ್ 37 ಸೆಂಟ್ ಕೇಳಬಹುದಿತ್ತು. ಇವರು ಇಪ್ಪತ್ತೊಂದು ಸೆಂಟ್ ಕಮ್ಮಿಯೇ ಕೇಳಿದ್ದಾರೆ! ಚೀಟಿಯ ಉಳಿದ ಸಾಲುಗಳನ್ನು ಓದುವವರೆಗೆ ಕೈಮುಗಿಯಬೇಕೆನಿಸುತ್ತದೆ. ಸಾಲ ಹುಟ್ಟಿಸಿದ್ದಕ್ಕೆ ಶುಲ್ಕ 30 ಡಾಲರ್. ಸಾಲಗಾರನ ಯೋಗ್ಯತೆ ವಿಚಾರಿಸಿದ್ದಕ್ಕೆ 10 ಡಾಲರ್. ಒಟ್ಟು ಹಿಂದಿರುಗಿಸಬೇಕಾದದ್ದು 545 ಡಾಲರ್ 16 ಸೆಂಟ್. ವರ್ಷದ ಲೆಕ್ಕದಲ್ಲಿ ಶೇ. 235ಕ್ಕಿಂತ ಹೆಚ್ಚು. ಕಾನೂನು ಮಿತಿ ಹಾಕಿದ್ದು ಬಡ್ಡಿಗೆ, ಬಡ್ಡಿ ಐದೇ ಡಾಲರ್. ಮಿಕ್ಕ ನಲವತ್ತು ಡಾಲರ್ ಸೂಲಗಿತ್ತಿಗೂ ವಧೂವರಾನ್ವೇಷಣೆಯವರಿಗೂ ಕೊಡುವ ದಕ್ಷಿಣೆ.

ಕೆಲವು ಅಂಗಡಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಾಲವನ್ನು ನಗದಾಗಿ ಕೊಡುವುದನ್ನೇ ಬಿಟ್ಟವು. ಗಿರಾಕಿಯ ಕೈಗೆ ಒಂದು ಚೆಕ್ ಬರುತ್ತಿತ್ತು. ಬ್ಯಾಂಕಿನ ಬಾಗಿಲಿಗೆ ಅಲೆಯಬೇಕಾಗಿಲ್ಲ, ಅದೇ ಕೌಂಟರಿನಲ್ಲಿ ನಗದು ಮಾಡಿಸಬಹುದು, ಅದಕ್ಕೆ ಮಾತ್ರ ಪ್ರತ್ಯೇಕ ಶುಲ್ಕ. ತಾನು ಬರೆದ ಚೆಕ್ಕಿಗೆ ತಾನೇ ಹಣ ಕೊಡಲು ಕಮಿಷನ್ ಕೇಳುವ ಈ ಕಲೆಯ ಮುಂದೆ ನಮ್ಮ ಮೀಟರ್ ಬಡ್ಡಿಯವರು ಇನ್ನೂ ಓಂಕಾರ ಬರೆಯುತ್ತಿರುವ ಮಕ್ಕಳು. ಬೆಂಗಳೂರಿನ ಮಾರುಕಟ್ಟೆಯಲ್ಲಿ ಬೆಳಗ್ಗೆ 900 ರೂಪಾಯಿ ಕೊಟ್ಟು ಸಂಜೆ 1,000 ವಸೂಲು ಮಾಡುವವನು ಆ ನೂರನ್ನು ಬಡ್ಡಿ ಎಂದೇ ಕರೆಯುತ್ತಾನೆ. ಪಾಪ, ಅವನಿಗೆ ವಕೀಲರಿಲ್ಲ.

ಆ ಚೀಟಿಯ ಮೊಕದ್ದಮೆಯಲ್ಲಿ ಕೆಳಗಿನ ನ್ಯಾಯಾಲಯಗಳು, ಇದು ಪೇಡೇ ಸಾಲವಲ್ಲದೆ ಮತ್ತೇನು ಎಂದು ಕೇಳಿದವು. 2014ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಮಾತ್ರ ಸಾಲದಂಗಡಿಯ ಪರ ನಿಂತಿತು: ಅಡಮಾನ ಸಾಲ ಕಾಯ್ದೆಯ ಪದಗಳು ಇಂಥ ಸಾಲವನ್ನು ತಡೆಯುವುದಿಲ್ಲ, ತಡೆಯಬೇಕೆಂದಿದ್ದರೆ ಶಾಸನಸಭೆ ಹಾಗೆ ಬರೆಯಬಹುದಿತ್ತು. ತೀರ್ಪಿಗೆ ಒಪ್ಪುತ್ತಲೇ ಪ್ರತ್ಯೇಕ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಪಾಲ್ ಫೈಫರ್ ಅವರು ವಿಡಂಬನಕಾರರ ಹೊಟ್ಟೆಯ ಮೇಲೆ ಹೊಡೆದಿದ್ದಾರೆ. ಪೇಡೇ ಸಾಲದ ಪಿಡುಗನ್ನು ಹತ್ತಿಕ್ಕಲು ಕಾಯ್ದೆ ಬಂತು, ಆಮೇಲೊಂದು ತಮಾಷೆ ನಡೆಯಿತು, ಏನೆಂದರೆ ಏನೂ ನಡೆಯಲಿಲ್ಲ ಎಂದು ಬರೆದು, ಲಾಬಿಗಾರರು ಶಾಸಕರಿಗಿಂತ ಬುದ್ಧಿವಂತರಾಗಿದ್ದರೇ ಎಂದು ತೀರ್ಪಿನಲ್ಲೇ ಕೇಳಿದ್ದಾರೆ. ಅದನ್ನು ಓದಿದ ಮೇಲೆ ನನ್ನಂಥವರು ಬರೆಯಲು ಉಳಿಯುವುದು ಅಡಿಟಿಪ್ಪಣಿ ಮಾತ್ರ.

ಮುಂದಿನ ನಾಮಕರಣದಲ್ಲಿ ಅಂಗಡಿಯವನು ಸಾಲ ಕೊಡುವವನಾಗಿಯೇ ಉಳಿಯಲಿಲ್ಲ. ಜನರ ಸಾಲದ ದಾಖಲೆ ಸರಿಪಡಿಸಿಕೊಡುತ್ತೇವೆಂದು ಮೋಸ ಮಾಡುವವರನ್ನು ಹಿಡಿಯಲು ಸಾಲ ಸೇವಾ ಸಂಸ್ಥೆಗಳ ಕಾಯ್ದೆಯೊಂದಿತ್ತು. ಅದರಡಿ ನೋಂದಾಯಿಸಿಕೊಂಡು ಇವರು ದಲ್ಲಾಳಿಗಳಾದರು. ಸಾಲ ಕೊಡುವವನು ಬೇರೊಬ್ಬ, ಅವನು ಕೇಳುವುದು ಧರ್ಮಬಡ್ಡಿ. ಅವನನ್ನು ಹುಡುಕಿಕೊಟ್ಟವನ ಶುಲ್ಕಕ್ಕೆ ಮಾತ್ರ ಮೇಲ್ಮಿತಿಯೇ ಇಲ್ಲ. ಟೆಕ್ಸಸ್ ರಾಜ್ಯ ಈ ವಿದ್ಯೆಯ ಗುರುಕುಲ. ಅಲ್ಲಿ ಹಿನ್ನೆಲೆಯಲ್ಲಿ ಸಾಲ ಕೊಡುವ ಸಂಸ್ಥೆ ಶೇ. 10ರ ಬಡ್ಡಿ ಪಡೆದು ಕೈತೊಳೆದುಕೊಂಡರೆ, ಮುಂದಿನ ಅಂಗಡಿಯ ದಲ್ಲಾಳಿ ಬೇಕಾದಷ್ಟು ಶುಲ್ಕ ಹೇರುತ್ತಾನೆ. ಸಾಲ ಹುಡುಕುತ್ತ ಬಂದ ಗಿರಾಕಿ ನಾಲ್ಕಡಿ ದೂರದ ಕೌಂಟರ್ ತಲುಪುವಷ್ಟರಲ್ಲಿ ಹುಡುಕಾಟ ಮುಗಿದಿರುತ್ತದೆ ಎಂಬುದು ಬೇರೆ ಮಾತು. ಒಹಾಯೊದ ಶಿಷ್ಯರು ಗುರುವನ್ನು ಮೀರಿಸಲು ಹೊರಟರು. ಪ್ಯೂ ಎಂಬ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಶೇ. 28ರ ಮಿತಿಯುಳ್ಳ ಆ ರಾಜ್ಯದಲ್ಲಿ ಸರಾಸರಿ ದರ ಶೇ. 591ಕ್ಕೇರಿ ದೇಶದಲ್ಲೇ ಮೊದಲ ಸ್ಥಾನ ಪಡೆಯಿತು.

ಹೆಸರು ಬದಲಿಸುವುದು ಸಾಲದೆಂದು ಕಂಡವರು ಊರನ್ನೇ ಬದಲಿಸಿದರು. ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳಿಗೆ ಸಾರ್ವಭೌಮ ಹಕ್ಕಿದೆ. ಅವರ ಮೇಲೆ ರಾಜ್ಯಗಳು ಸುಲಭವಾಗಿ ದಾವೆ ಹೂಡುವಂತಿಲ್ಲ. ನೂರಾರು ವರ್ಷ ನೆಲ ಕಳೆದುಕೊಂಡವರ ಬಳಿ ಉಳಿದಿದ್ದ ಆ ಒಂದು ಹಕ್ಕೂ ಬಾಡಿಗೆಗೆ ಸಿಗುತ್ತದೆಂದು ಸ್ಕಾಟ್ ಟಕರ್ ಎಂಬ ಕ್ಯಾನ್ಸಸ್‌ನ ಉದ್ಯಮಿ ಕಂಡುಕೊಂಡ. ಸಾಲದ ವ್ಯವಹಾರದ ಮಾಲೀಕರು ಬುಡಕಟ್ಟಿನವರು ಎಂದು ಕಾಗದ ಹೇಳುತ್ತಿತ್ತು. ಅವರಿಗೆ ಸಿಗುತ್ತಿದ್ದದ್ದು ಆದಾಯದ ನೂರರಲ್ಲಿ ಒಂದು ಪಾಲು. ಫೋನೆತ್ತುವ ನೌಕರರು ಕ್ಯಾನ್ಸಸ್‌ನಲ್ಲೇ ಕುಳಿತಿದ್ದರೂ ದೂರದ ಬುಡಕಟ್ಟಿನ ನೆಲದಿಂದ ಮಾತನಾಡುತ್ತಿರುವಂತೆ ನಟಿಸಬೇಕಿತ್ತು. ಅದಕ್ಕಾಗಿ ಆ ಊರುಗಳ ಹವಾಮಾನ ವರದಿಯನ್ನು ಅವರಿಗೆ ಒದಗಿಸಲಾಗುತ್ತಿತ್ತು. ಗಿರಾಕಿ ಅಪ್ಪಿತಪ್ಪಿ ಮಳೆಯ ವಿಷಯ ತೆಗೆದರೆ ಸಾರ್ವಭೌಮತ್ವಕ್ಕೆ ಧಕ್ಕೆಯಾಗಬಾರದಲ್ಲ! ಇವರಲ್ಲಿ 300 ಡಾಲರ್ ಸಾಲ ಪಡೆದವನು 390 ಡಾಲರ್ ಕೊಟ್ಟರೆ ಮುಗಿಯಿತೆಂದು ಭಾವಿಸುತ್ತಿದ್ದ. ಒಪ್ಪಂದದ ಸಣ್ಣ ಅಕ್ಷರಗಳಲ್ಲಿ ಸಾಲ ತಾನಾಗಿಯೇ ನವೀಕರಣಗೊಳ್ಳುತ್ತ 975 ಡಾಲರ್ ಮುಟ್ಟುತ್ತಿತ್ತು. ಟಕರ್ ಅದರಲ್ಲಿ ರೇಸ್ ಕಾರು ಓಡಿಸಿದ. 2018ರ ಜನವರಿಯಲ್ಲಿ ಅವನಿಗೆ ಹದಿನಾರು ವರ್ಷ ಎಂಟು ತಿಂಗಳ ಜೈಲಾಯಿತು. ಆದರೆ 127 ಕೋಟಿ ಡಾಲರ್ ತೆರಬೇಕೆಂದು ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಪಡೆದಿದ್ದ ಆದೇಶ 2021ರಲ್ಲಿ ದೇಶದ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಯಾವ ಕಲಮಿನಡಿ ಹಣ ಕೇಳಿದ್ದರೋ ಆ ಕಲಮಿನಲ್ಲಿ ಹಣ ಎಂಬ ಮಾತೇ ಇಲ್ಲವೆಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಕಂಡುಕೊಂಡರು. ಪದ ಪದ ಹಿಡಿದು ಓದುವ ವಿದ್ಯೆ ಸಾಲದಂಗಡಿಗಳವರ ಸ್ವಂತ ಆಸ್ತಿಯೇನಲ್ಲ.

ಒಹಾಯೊಗೆ ಮರಳೋಣ. 2018ರಲ್ಲಿ ಅಲ್ಲಿನ ಶಾಸನಸಭೆ ಮತ್ತೊಮ್ಮೆ ಎಚ್ಚರಗೊಂಡಿತು, ಎಚ್ಚರಗೊಂಡ ರೀತಿಯೂ ಸ್ವಾರಸ್ಯವಾಗಿದೆ. ಪೇಡೇ ಉದ್ಯಮದ ಲಾಬಿಗಾರರೂ ಜೊತೆಗಿದ್ದ ವಿದೇಶ ಪ್ರವಾಸದ ಬಗ್ಗೆ ಎಫ್‌ಬಿಐ ವಿಚಾರಿಸುತ್ತಿದೆ ಎಂಬ ಸುದ್ದಿಯ ನಡುವೆ, ತಾನು ಕಾನೂನು ಮೀರಿಲ್ಲವೆಂದು ಹೇಳುತ್ತಲೇ ಸ್ಪೀಕರ್ ರಾಜೀನಾಮೆಯಿತ್ತರು. ಕೆಲವು ವಾರ ಸದನಕ್ಕೆ ಸ್ಪೀಕರೇ ಇರಲಿಲ್ಲ. ಹೊಸಬರು ಪೀಠವೇರಿದ ಬೆನ್ನಲ್ಲೇ ಒಂದು ವರ್ಷದಿಂದ ಕಡತದಲ್ಲಿ ಮಲಗಿದ್ದ ಸುಧಾರಣೆಯ ಮಸೂದೆ ಪಾಸಾಗಿ, ಜುಲೈನಲ್ಲಿ ರಾಜ್ಯಪಾಲ ಜಾನ್ ಕೇಸಿಕ್ ಸಹಿ ಹಾಕಿದರು. ದಲ್ಲಾಳಿ ವೇಷದ ದಾರಿ ಮುಚ್ಚಿತು. ಸಾಲಗಾರನಿಂದ ಪಡೆಯುವ ಬಡ್ಡಿ ಮತ್ತು ಶುಲ್ಕ ಎರಡೂ ಸೇರಿ ಅಸಲಿನ ಶೇ. 60 ದಾಟಕೂಡದೆಂಬ ಗಟ್ಟಿ ಗೋಡೆ ಎದ್ದಿತು. ಮೊದಲಿನ ಸುಲಿಗೆಗೆ ಹೋಲಿಸಿದರೆ ಇದು ದೊಡ್ಡ ಉಪಕಾರವೇ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಅದೇ ಹೊಸ ಕಾಯ್ದೆಯಲ್ಲಿ ಬಡ್ಡಿ ಈಗಲೂ ಶೇ. 28. ಅದರ ಮಗ್ಗುಲಲ್ಲೇ ಶಾಸನಸಭೆ ತಾನೇ ಪುರೋಹಿತನಾಗಿ ಕೂತು ಇನ್ನೊಂದು ಕೂಸಿನ ಕಿವಿಯಲ್ಲಿ ಹೆಸರು ಹೇಳಿದೆ: ಮಾಸಿಕ ನಿರ್ವಹಣಾ ಶುಲ್ಕ. ಸಾಲದ ಹತ್ತನೇ ಒಂದು ಭಾಗ ಅಥವಾ 30 ಡಾಲರ್, ಯಾವುದು ಕಡಿಮೆಯೋ ಅಷ್ಟು, ಪ್ರತಿ ತಿಂಗಳು. ಸಾಲಗಾರ ಎಂದೋ ತೆಗೆದುಕೊಂಡು ಹೋಗಿ ಮನೆಯ ಬಾಡಿಗೆಗೋ ಕಾರಿನ ಬ್ರೇಕಿಗೋ ಸುರಿದಿರುವ 500 ಡಾಲರನ್ನು ಅಂಗಡಿಯವರು ತಿಂಗಳು ತಿಂಗಳೂ ಯಾವ ಎಣ್ಣೆ ಹಾಕಿ, ಯಾವ ಬಟ್ಟೆಯಲ್ಲಿ ಒರೆಸಿ ನಿರ್ವಹಣೆ ಮಾಡುತ್ತಾರೆಂದು ಕಾಯ್ದೆ ವಿವರಿಸಿಲ್ಲ.