ಬೇಕಾಗಿದ್ದಾರೆ, ಬೇಕಾಗೇ ಇದ್ದಾರೆ

ನನ್ನ ಎಡಮಂಡಿಗೆ ದಾವಣಗೆರೆಯಲ್ಲಿ ಮೂವರು ಫಿಸಿಯೋಥೆರಪಿಸ್ಟ್‌ಗಳ ಪರಿಚಯವಿದೆ. ಮೂವರೂ ಹದಡಿ ರಸ್ತೆಯ ಒಂದೇ ಕ್ಲಿನಿಕ್ಕಿನವರು, ಎರಡು ತಿಂಗಳಲ್ಲಿ ಒಬ್ಬರ ಹಿಂದೊಬ್ಬರು ಬಂದು ಹೋದವರು. ಗಾಜಿನ ಬಾಗಿಲಿಗೆ ಅಂಟಿಸಿದ 'ಬೇಕಾಗಿದ್ದಾರೆ' ಚೀಟಿ ಮಾತ್ರ ನಾನು ಮೊದಲ ದಿನ ಕುಂಟುತ್ತಾ ಹೋದಾಗಲೂ ಇತ್ತು, ಈಗಲೂ ಇದೆ. ಅಲ್ಲಿ ಖಾಯಂ ನೌಕರಿ ಸಿಕ್ಕಿರೋದು ಅದೊಂದಕ್ಕೇ.

ಮಂಡಿಗೆ ಕರೆಂಟ್ ಇಟ್ಟು ಮಲಗಿಸಿದರೆ ಹದಿನೈದು ನಿಮಿಷ ನೋಡೋಕೆ ಬೇರೇನೂ ಇಲ್ಲ. ಒಳಗಿನಿಂದ ಅಕ್ಷರ ತಿರುಗಾಮುರುಗಾ ಕಾಣುತ್ತೆ. ಆದರೂ ಬಾಯಿಪಾಠ ಆಗಿದೆ. ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿ, ಆಗಿರಬೇಕು. ಫ್ರೆಶರ್ ಆದರೂ ನಡೆಯುತ್ತೆ, ಮೂರು ವರ್ಷದ ಅನುಭವ ಕಡ್ಡಾಯ. ಕನ್ನಡ, ಹಿಂದಿ, ಇಂಗ್ಲಿಷ್ ಬರಬೇಕು. ಸ್ವಂತ ಬೈಕ್ ಇರಬೇಕು. ರೀಲ್ಸ್ ಮಾಡೋರಿಗೆ ಆದ್ಯತೆ. ಸಂಬಳ: ಮಾತಾಡೋಣ.

ಈ 'ಮಾತಾಡೋಣ' ಇದೆಯಲ್ಲ, ಹೆಣ್ಣು ನೋಡಿ ಉಪ್ಪಿಟ್ಟು ತಿಂದು 'ಊರಿಗೆ ಹೋಗಿ ಕಾಗದ ಬರೀತೀವಿ' ಅಂದ ಹಾಗೆ.

ಸಂದರ್ಶನವನ್ನೂ ಕೇಳಿದ್ದೇನೆ. ನಡುವೆ ಇದ್ದದ್ದು ಒಂದು ಹಸಿರು ಪರದೆ ಅಷ್ಟೇ.

"ಸಂಬಳ ಎಷ್ಟು ಸರ್?"

"ಮೊದಲು ಕೆಲಸ ಕಲಿಯಮ್ಮಾ."

"ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ ಕಲಿತೇ ಬಂದಿದ್ದೀನಿ ಸರ್."

"ಅದೆಲ್ಲ ಪುಸ್ತಕದ್ದು. ಎರಡು ವರ್ಷ ಬಾಂಡ್. ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮ ಹತ್ರ ಇರುತ್ತೆ."

ಬಂಗಾರ ಅಡವಿಟ್ಟರೆ ಸಾಲವಾದರೂ ಸಿಗುತ್ತೆ, ಅಲ್ವಾ?

ಕೊನೆಗೆ ಮಾಲೀಕರು ಕೈಬಿಚ್ಚಿ ಒಂದು ಕೊಟ್ಟರು. "ಹೆಸರಿನ ಮುಂದೆ ಡಾ. ಹಾಕಿಸ್ತೀನಿ." ಬೋರ್ಡಿನಲ್ಲಿ 'ಡಾ.' ಅನ್ನೋದನ್ನು ಪೇಂಟಲ್ಲೇ ಬರೆಸಿದ್ದಾರೆ. ಹೆಸರಿಗೆ ಮಾತ್ರ ಸ್ಟಿಕ್ಕರ್. ಒಂದರ ಮೇಲೊಂದು ಅಂಟಿಸಿ ಅಂಚೆಲ್ಲ ಎದ್ದಿದೆ. ಈ ಒಂದಕ್ಷರದ ಬೆಲೆ ದೆಹಲಿಗೂ ಗೊತ್ತು. 2025ರ ಸೆಪ್ಟೆಂಬರ್‌ನಲ್ಲಿ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಫಿಸಿಯೋಥೆರಪಿಸ್ಟ್‌ಗಳು ಡಾ. ಹಾಕಬಾರದು ಅಂತ ಪತ್ರ ಹೊರಡಿಸಿ ಮರುದಿನವೇ ವಾಪಸ್ ತಗೊಂಡಿತು. ಸಂಬಳದ ವಿಚಾರಕ್ಕೆ ಅಷ್ಟು ಚುರುಕಾಗಿ ಓಡಾಡಿದ ಪತ್ರ ನಾನಂತೂ ಕಂಡಿಲ್ಲ.

"ಜನಾನೇ ಸಿಗ್ತಿಲ್ಲ ಸರ್" ಅಂತ ಮಾಲೀಕರು ನನ್ನ ಹತ್ತಿರ ಅಳುತ್ತಾರೆ. ಎರಡು ಮೆಡಿಕಲ್, ಎರಡು ಡೆಂಟಲ್ ಕಾಲೇಜು ಇರೋ ಊರಿನಲ್ಲಿ ನಿಂತು! ಮೆಷಿನ್‌ಗೆ ತಿಂಗಳು ತಪ್ಪದೆ ಕಂತು ಕಟ್ಟುತ್ತಾರೆ. ಅದನ್ನು ಮುಟ್ಟೋ ಕೈಗೆ ಕೊಡೋವಾಗ ಮಾತ್ರ ಕೈ ನಡುಗುತ್ತೆ. ನಮ್ಮೂರಿನ ಬೆಣ್ಣೆದೋಸೆ ಹೋಟೆಲಿನವರನ್ನು ಕೇಳಿ ನೋಡಿ. ಒಲೆ, ಸೌದೆ, ಬೆಣ್ಣೆ ಎಲ್ಲ ಇದ್ದರೂ ಭಟ್ಟ ಮುನಿಸಿಕೊಂಡು ಹೋದರೆ ಹಂಚು ತಾನೇ ದೋಸೆ ಹುಯ್ಯಲ್ಲ ಅಂತ ಅವರಿಗೆ ಗೊತ್ತು. ಅದಕ್ಕೇ ಭಟ್ಟನ ಮುಂದೆ ಸಾಹುಕಾರರೇ ಮೆತ್ತಗೆ ಮಾತಾಡುತ್ತಾರೆ.

ಆ ಹುಡುಗಿ ಮಾರ್ಕ್ಸ್ ಕಾರ್ಡ್ ಎತ್ತಿಕೊಂಡು ಹೋದಳು. ಪುಣ್ಯಾತ್ಗಿತ್ತಿ!

ಹೋದ ಸೋಮವಾರ ಹೋದರೆ ರೋಗಿಗಳ ಚೀಟಿ ಬರೆಯೋ ಹುಡುಗನೇ ಮೆಷಿನ್ ತಳ್ಳಿಕೊಂಡು ಬಂದ. ಪ್ಯಾಡ್ ಕೈಲಿ ಹಿಡಿದು, "ಇದು ಎಲ್ಲಿಗೆ ಸರ್?" ಅಂದ. ಮಂಡಿಚಿಪ್ಪಿನ ಆಚೆಗೆರಡು, ಈಚೆಗೆರಡು ಅಂತ ನಾನೇ ತೋರಿಸಿದೆ. ಕರೆಂಟನ್ನು ಜುಮುಜುಮು ಅನ್ನೋವರೆಗೆ ಮೆಲ್ಲಗೆ ಏರಿಸು, ಒಂದೇ ಸಲ ತಿರುವಬೇಡ ಅಂದೆ. ಆಮೇಲೆ ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು, ಒತ್ತಿ ಹಿಡಿದು, ಎಣಿಕೆಯನ್ನೂ ನಾನೇ ಮಾಡಿಕೊಂಡೆ.

ಪರದೆ ಸರಿಸಿ ಮಾಲೀಕರು ನೋಡುತ್ತಾ ನಿಂತಿದ್ದರು.

"ರಿಟೈರ್ ಆಗಿದ್ದೀರಿ ಅಲ್ವಾ ಸರ್? ಸಂಜೆ ಹೊತ್ತು ಸುಮ್ನೆ ಮನೇಲೇ ಇರ್ತೀರಾ?"

"ಹೂಂ."

"ಬೈಕ್ ಇದೆ ತಾನೇ?"